ಯಾವ ಕಾಲಮ್ಮಿಗೆ ಬರೆಯಲಿ?

ಕಳೆದ ಜುಲೈನಲ್ಲಿ ನಮ್ಮ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದ ತರುಣ ಅಧ್ಯಾಪಕರೊಬ್ಬರ ಮುಂದೆ ಒಂದು ಸಲಹೆ ಇಟ್ಟೆ. ಹದಿನೈದು ದಿನಕ್ಕೊಮ್ಮೆ ನೀವು ಒಬ್ಬ ಸಹೋದ್ಯೋಗಿಯ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ, ಅವರು ನಿಮ್ಮ ತರಗತಿಗೆ ಬರಲಿ, ಆಮೇಲೆ ಇಬ್ಬರೂ ಅರ್ಧ ಗಂಟೆ ಮಾತಾಡಿ, ಇಷ್ಟೇ. ಅವರು ಗಮನವಿಟ್ಟು ಕೇಳಿಸಿಕೊಂಡರು. ಕಿಸೆಯಿಂದ ಪುಟ್ಟ ಡೈರಿ ತೆಗೆದು ಗುರುತು ಹಾಕಿಕೊಂಡರು. ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು: "ಮೇಡಂ, ಇದನ್ನ ಯಾವ ಕಾಲಮ್ಮಿಗೆ ಬರೀಲಿ?"

ನಾನು ಆರು ವರ್ಷದಿಂದ ಐಕ್ಯುಎಸಿ, ಅಂದರೆ ವಿಶ್ವವಿದ್ಯಾಲಯದ ಆಂತರಿಕ ಗುಣಮಟ್ಟ ಖಾತರಿ ಕೋಶದ ಸಂಯೋಜಕಿ. ಅಧ್ಯಾಪಕರ ಬಡ್ತಿ ಅರ್ಜಿಗಳು ಪರಿಶೀಲನಾ ಸಮಿತಿಗೆ ಹೋಗುವ ಮೊದಲು ನನ್ನ ಮೇಜಿನ ಮೇಲೆ ಕೆಲವು ದಿನ ಕೂರುತ್ತವೆ. ಆ ನಮೂನೆಯ ಒಂದೊಂದು ಕಾಲಮ್ಮೂ ನನಗೆ ಬಾಯಿಪಾಠ. ಎಷ್ಟು ಪ್ರಬಂಧ, ಎಷ್ಟು ಶಿಬಿರ, ಎಷ್ಟು ಸಮಿತಿ, ಎಲ್ಲಕ್ಕೂ ಜಾಗವಿದೆ. ಇನ್ನೊಬ್ಬರ ಪಾಠ ಕೇಳಿದ್ದಕ್ಕೆ, ತನ್ನ ಪಾಠವನ್ನು ಇನ್ನೊಬ್ಬರ ಎದುರು ತೆರೆದಿಟ್ಟಿದ್ದಕ್ಕೆ ಒಂದು ಸಾಲೂ ಇಲ್ಲ. ಹಾಗಾಗಿ ಅವರಿಗೆ ಉತ್ತರ ಕೊಡಲಾಗಲಿಲ್ಲ. ಆ ಸಂಜೆಯಿಂದ ಈ ಪ್ರಶ್ನೆ ನನ್ನ ಜೊತೆಗೇ ಇದೆ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಸಿಂಡಿಕೇಟ್ ಸಭೆಯ ಟಿಪ್ಪಣಿ ತಯಾರಿಸುವಾಗ.

ಇದೊಂದು ಸ್ವಾರ್ಥದ ಪ್ರಶ್ನೆ ಎಂದು ಯಾರಾದರೂ ಅಂದುಕೊಂಡರೆ ನಾನು ಒಪ್ಪುವುದಿಲ್ಲ. ಆತನ ಫೈಲು ನಾನು ಓದಿದ್ದೇನೆ. ಪಿಎಚ್.ಡಿ ಇದ್ದವರಿಗೆ ನಾಲ್ಕು ವರ್ಷದ ಸೇವೆಯ ನಂತರ ಸಿಗಬೇಕಾದ ಮೊದಲ ಸ್ಥಾನೀಕರಣ, ಅಂದರೆ ಮೇಲಿನ ವೇತನ ಶ್ರೇಣಿಗೆ ಬಡ್ತಿ, ಆತನಿಗೆ ಎರಡು ವರ್ಷ ತಡವಾಗಿ ಸಿಕ್ಕಿದೆ. ಏಕೆ ತಡವಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಾನು ಪಾಠ ಮಾಡಲು ಕಲಿತದ್ದು ಹೇಗೆ ಎಂದು ಹೇಳಬೇಕು, ಯಾಕೆಂದರೆ ಆ ಸಲಹೆ ನನ್ನ ಸ್ವಂತದ್ದಲ್ಲ.

ಕೊಮ್ಮೆ ಗಿಡ

ನಾನು ಸಸ್ಯಶಾಸ್ತ್ರದವಳು. ತೊಂಬತ್ತರ ದಶಕದ ನಡುವಿನಲ್ಲಿ ಅರೆಮಲೆನಾಡಿನ ಒಂದು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿ ಸೇರಿದೆ. ಎಂಎಸ್ಸಿಯಲ್ಲಿ ರ‍್ಯಾಂಕ್ ಬಂದಿತ್ತು, ಪಾಠ ಮಾಡುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹೈಸ್ಕೂಲು ಮೇಷ್ಟ್ರಾಗಲು ಬಿ.ಎಡ್ ಬೇಕು, ಪ್ರಾಥಮಿಕ ಶಾಲೆಗೆ ಡಿ.ಎಡ್ ಬೇಕು, ಡಿಗ್ರಿ ಕಾಲೇಜಿಗೆ ವಿಷಯ ಗೊತ್ತಿದ್ದರೆ ಸಾಕು ಎಂದು ನಮ್ಮ ವ್ಯವಸ್ಥೆ ಮೊದಲಿನಿಂದಲೂ ನಂಬಿಕೊಂಡು ಬಂದಿದೆ. ನಾನೂ ನಂಬಿದ್ದೆ.

ಸೇರಿ ಮೂರನೇ ತಿಂಗಳು. ಎರಡನೇ ಬಿಎಸ್ಸಿಗೆ ಕಾಂಡದ ಒಳರಚನೆಯ ಪಾಠ. ಅಸಹಜ ದ್ವಿತೀಯಕ ಬೆಳವಣಿಗೆ ಎಂಬ ಅಧ್ಯಾಯ. ನಮ್ಮ ವಿಭಾಗದ ಮುಖ್ಯಸ್ಥರು, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು, ಕೊಡೆ ಮಡಿಸಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ಕೂತರು. ಕೈಕಾಲು ತಣ್ಣಗಾದವು. ಅವರು ಏನೂ ಹೇಳಲಿಲ್ಲ. ಮರುದಿನ ಮತ್ತೆ ಬಂದರು. ಅದರ ಮರುದಿನವೂ ಬಂದರು. ಮೂರನೇ ದಿನ ತರಗತಿ ಮುಗಿದ ಮೇಲೆ ನನ್ನನ್ನು ಕರೆದುಕೊಂಡು ಹೊರಗೆ ನಡೆದರು.

"ಚಿತ್ರ ಅಚ್ಚುಕಟ್ಟಾಗಿದೆ. ಒಂದು ಗೆರೆಯೂ ತಪ್ಪಿಲ್ಲ. ಆದರೆ ಮೂರು ದಿನದಲ್ಲಿ ನೀವು ಹಿಂದಿನ ಎರಡು ಸಾಲಿನ ಕಡೆ ಒಮ್ಮೆಯೂ ನೋಡಲಿಲ್ಲ. ಅಲ್ಲಿ ಕೂತವರು ನಿಮ್ಮ ಮಾತು ಕೇಳ್ತಿಲ್ಲ, ಪಕ್ಕದವರ ನೋಟ್ಸಿನಿಂದ ಸ್ಪೆಲಿಂಗ್ ನೋಡಿ ಬರ್ಕೊಳ್ತಿದ್ದಾರೆ" ಅಂದರು. ಆಮೇಲೆ ಕಾಂಪೌಂಡಿನ ಬುಡದಲ್ಲಿ ನೆಲಕ್ಕೆ ಹರಡಿಕೊಂಡಿದ್ದ ಒಂದು ಕಳೆಯನ್ನು ಬಗ್ಗಿ ಕಿತ್ತು ಕೈಗಿತ್ತರು. ಕೊಮ್ಮೆ. ನಾನು ಮೂರು ದಿನದಿಂದ ಬೋರ್ಡಿನ ಮೇಲೆ ಬೊಯೆರ್‌ಹಾವಿಯಾ ಎಂದು ಬರೆಯುತ್ತಿದ್ದ ಗಿಡ ಅದೇ. ತರಗತಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬೆಳೆದಿತ್ತು. ಅಲ್ಲಿನ ಅರ್ಧ ಹುಡುಗರು ಅದನ್ನು ಹೊಲದಲ್ಲಿ ಕಿತ್ತಿದ್ದರು, ಕೆಲವರ ಮನೆಯಲ್ಲಿ ಅದರ ಸೊಪ್ಪಿನ ಪಲ್ಯವನ್ನೂ ಮಾಡುತ್ತಿದ್ದರು. ನಾನು ಮಾತ್ರ ಅದನ್ನು ಲ್ಯಾಟಿನ್ನಿನಲ್ಲೇ ಬೆಳೆಸುತ್ತಿದ್ದೆ.

ಮರುದಿನ ಒಂದು ಹಿಡಿ ಕೊಮ್ಮೆ, ನಾಲ್ಕು ಹೊಸ ಬ್ಲೇಡು, ಸ್ಯಾಫ್ರನಿನ್ ಬಾಟಲಿ, ಇದ್ದ ಎರಡೇ ಮೈಕ್ರೋಸ್ಕೋಪು ಇಷ್ಟನ್ನು ತರಗತಿಗೇ ಹೊತ್ತು ತಂದೆ. ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಒಬ್ಬೊಬ್ಬರನ್ನೇ ಕರೆದು ನೋಡಿಸಿದೆ. ಆ ಕಾಂಡದ ನಟ್ಟನಡುವೆ ಎರಡು ದೊಡ್ಡ ನಾಳಕೂಚಗಳು (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳು) ಇರುತ್ತವೆ, ಅವುಗಳ ಸುತ್ತ ಚಿಕ್ಕವುಗಳ ಒಂದು ಉಂಗುರ, ಅದರ ಹೊರಗೆ ಇನ್ನೊಂದು. ಹಿಂದಿನ ಬೆಂಚಿನ ಒಬ್ಬ ಹುಡುಗ ಕಣ್ಣು ಕೊಟ್ಟು ನೋಡಿ, ತಲೆ ಎತ್ತದೆಯೇ ಅಂದ: "ಮಿಸ್, ಇದಕ್ಕೆ ಎರಡು ಕಣ್ಣಿದೆ!" ಇಡೀ ತರಗತಿ ಎದ್ದು ಬಂದಿತು. ಮೂವತ್ತು ವರ್ಷದ ಸೇವೆಯಲ್ಲಿ ನಾನು ಶಿಕ್ಷಕಿಯಾದ ದಿನ ಯಾವುದು ಎಂದು ಕೇಳಿದರೆ ಆ ದಿನವನ್ನೇ ಹೇಳುತ್ತೇನೆ.

ಆ ಮುಖ್ಯಸ್ಥರು ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ವರ್ಷಗಳ ನಂತರ ಪೂರ್ತಿ ಅರ್ಥವಾಯಿತು. ನನ್ನ ಕಾರ್ಯಭಾರ ವಾರಕ್ಕೆ ಹದಿನಾರು ಗಂಟೆ. ಆ ವರ್ಷವಿಡೀ ಅದರಲ್ಲಿ ಎರಡು ಗಂಟೆಯ ತರಗತಿಗಳನ್ನು ಅವರೇ ತೆಗೆದುಕೊಂಡರು. "ಆ ಹೊತ್ತಲ್ಲಿ ನಾಳಿನ ಪಾಠಕ್ಕೆ ಗಿಡ ಹುಡುಕಿ" ಅಂದಿದ್ದರು. ಇದಕ್ಕೆ ಯಾವ ಆದೇಶವೂ ಇರಲಿಲ್ಲ. ಅರವತ್ತರ ಹತ್ತಿರದ ಆ ಮನುಷ್ಯ ತಮ್ಮ ಬೆನ್ನಿನ ಮೇಲೆ ನನ್ನ ಎರಡು ಗಂಟೆ ಹೊತ್ತುಕೊಂಡಿದ್ದರು, ಅಷ್ಟೇ.

ಅಂಕಗಳು ಬಂದದ್ದು

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ತರಬೇತಿಗೆಂದು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಹೊಸ ಅಧ್ಯಾಪಕರಿಗೆ ಕೊಡುವ ಓರಿಯೆಂಟೇಶನ್ ತರಬೇತಿ ನನಗಾದದ್ದು ಮೈಸೂರಿನಲ್ಲಿ. ಆಗ ಅದು ನಾಲ್ಕು ವಾರದ ವಸತಿ ಶಿಬಿರ. ಅಲ್ಲಿ ಕೇಳಿದ ಉಪನ್ಯಾಸಗಳಲ್ಲಿ ಮೂರೋ ನಾಲ್ಕೋ ನೆನಪಿವೆ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಸ್ಕೃತದ ಅಧ್ಯಾಪಕಿ, ಭೌತಶಾಸ್ತ್ರದ ಮೇಷ್ಟ್ರು, ವಾಣಿಜ್ಯಶಾಸ್ತ್ರದವರು ಎಲ್ಲ ಸೇರಿ ನಡೆಯುತ್ತಾ ತಮ್ಮ ತಮ್ಮ ಕಾಲೇಜಿನ ಕಷ್ಟ ಹೇಳಿಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ. ಮನೆಯ ಜವಾಬ್ದಾರಿ ಬಿಟ್ಟು ನಾಲ್ಕು ವಾರ ಬರುವುದು ಹೆಂಗಸರಿಗೆ ಎಷ್ಟು ಕಷ್ಟವಿತ್ತೋ, ಬಂದ ಮೇಲೆ ಅಷ್ಟೇ ದೊಡ್ಡ ಬಿಡುವೂ ಆಗಿತ್ತು. ಆ ಕೇಂದ್ರಗಳಿಗೆ 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದು ಹೆಸರಾಯಿತು, 2023ರಲ್ಲಿ ಮಾಳವೀಯ ಮಿಷನ್ ಅಡಿ ಮತ್ತೆ ಹೆಸರು ಬದಲಾಯಿತು. ಈಗ ಬಹುಪಾಲು ಶಿಬಿರಗಳು ಆನ್‌ಲೈನ್. ಕ್ಯಾಮೆರಾ ಆಫ್ ಮಾಡಿ ಅಡುಗೆ ಮಾಡುತ್ತಾ ಕೇಳಿದೆ ಎಂದು ಒಬ್ಬ ಸಹೋದ್ಯೋಗಿ ನನ್ನೆದುರು ಅತ್ತಿದ್ದಾರೆ. ರಜೆ ಸಿಗದವಳಿಗೆ ಅದೊಂದೇ ದಾರಿಯಾಗಿತ್ತು.

ಯುಜಿಸಿಯ 2010ರ ನಿಯಮಾವಳಿಯೊಂದಿಗೆ ಎಪಿಐ, ಅಂದರೆ ಅಧ್ಯಾಪಕರ ಕೆಲಸವನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ, ಬಂದಿತು. ಬೋಧನೆಗೆ ಗರಿಷ್ಠ 125 ಅಂಕ, ಸಹಪಠ್ಯ ಚಟುವಟಿಕೆಗೆ 50, ಸಂಶೋಧನೆಗೆ ಪ್ರತ್ಯೇಕ ಲೆಕ್ಕ. ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಬಂಧ ಓದಿದರೆ 10, ರಾಷ್ಟ್ರೀಯ ಮಟ್ಟಕ್ಕೆ 7.5. ಆ ಏಳೂವರೆಗಾಗಿ ರಾತ್ರಿ ಬಸ್ಸಿನಲ್ಲಿ ಹೋಗಿ, ಐದು ನಿಮಿಷ ಓದಿ, ಮತ್ತೆ ರಾತ್ರಿ ಬಸ್ಸಿನಲ್ಲೇ ವಾಪಸಾದವರು ಎಷ್ಟು ಮಂದಿಯೋ. ಎಪಿಐಯನ್ನು ಬೈಯುವುದು ಸುಲಭ, ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅದಕ್ಕೂ ಮುಂಚೆ ಬಡ್ತಿ ಎನ್ನುವುದು ಎಷ್ಟೋ ಕಡೆ ಯಾರ ಪರಿಚಯ ಯಾರಿಗಿದೆ ಎಂಬುದರ ಮೇಲೆ ನಿಂತಿತ್ತು. ಯಾವ ಗಾಡ್‌ಫಾದರೂ ಇಲ್ಲದ, ಮೊದಲ ತಲೆಮಾರಿಗೆ ಓದಿ ಬಂದ ಒಬ್ಬ ಹೆಣ್ಣುಮಗಳು "ಇಗೋ ನನ್ನ ಅಂಕ, ಇಗೋ ದಾಖಲೆ, ಈಗ ಹೇಳಿ" ಎಂದು ಸಮಿತಿಯ ಎದುರು ತಲೆ ಎತ್ತಿ ಕೂರಲು ಸಾಧ್ಯವಾದದ್ದು ಆ ಅಂಕಗಳಿಂದಲೇ. ನಾನು ಪ್ರಾಧ್ಯಾಪಕಿಯಾದದ್ದೂ ಹಾಗೆಯೇ. ಆದ್ದರಿಂದ ಕಾಲಮ್ಮುಗಳನ್ನೆಲ್ಲ ಕಿತ್ತುಹಾಕಿ ಎಂದು ನಾನು ಹೇಳಲಾರೆ.

2018ರ ನಿಯಮಾವಳಿ ಬೋಧನೆಯ ಅಂಕಗಳನ್ನು ತೆಗೆದುಹಾಕಿತು. ಈಗ ನಿಗದಿಯಾದ ತರಗತಿಗಳಲ್ಲಿ ಶೇ. 80 ಅಥವಾ ಹೆಚ್ಚು ತೆಗೆದುಕೊಂಡಿದ್ದರೆ ಉತ್ತಮ, 70ರಿಂದ 80ರೊಳಗೆ ಇದ್ದರೆ ತೃಪ್ತಿಕರ. ಅಂದರೆ ತರಗತಿಗೆ ಹೋದಿರಾ ಎಂಬುದಷ್ಟೇ ಲೆಕ್ಕ, ಒಳಗೆ ಏನಾಯಿತು ಎಂಬುದು ಯಾರಿಗೂ ಬೇಕಿಲ್ಲ. ಸಂಶೋಧನೆಯ ಕಡೆ ಭಾರವೆಲ್ಲ ಹೋಯಿತು. ಮಾನವಿಕ ವಿಷಯಗಳಲ್ಲಿ ಒಂದು ಪ್ರಬಂಧಕ್ಕೆ 10 ಅಂಕ, ವಿಜ್ಞಾನದಲ್ಲಿ 8. ಇಡೀ ಪುಸ್ತಕವೊಂದನ್ನು ಅನುವಾದಿಸಿದರೆ 8. ನಮ್ಮ ಇತಿಹಾಸ ವಿಭಾಗದ ಒಬ್ಬರು ಕನ್ನಡ ಮಾಧ್ಯಮದ ಎಂ.ಎ ವಿದ್ಯಾರ್ಥಿಗಳಿಗಾಗಿ ಮೂರು ವರ್ಷ ಕೂತು ಒಂದು ದಪ್ಪ ಗ್ರಂಥವನ್ನು ಕನ್ನಡಕ್ಕೆ ತಂದರು. ಆ ಅನುವಾದದ ಜೆರಾಕ್ಸ್ ಪ್ರತಿಗಳು ಈಗ ನಾಲ್ಕು ಜಿಲ್ಲೆಯ ಹಾಸ್ಟೆಲುಗಳಲ್ಲಿ ಓಡಾಡುತ್ತಿವೆ. ಅವರ ಅರ್ಜಿಯಲ್ಲಿ ಅದರ ಎದುರು 8 ಎಂದು ಬರೆಯುವಾಗ ನನ್ನ ಕೈ ನಿಂತಿತು. ಪಕ್ಕದ ಸಾಲಿನಲ್ಲಿ ಅವರದೇ ಆರು ಪುಟದ ಪ್ರಬಂಧವೊಂದಕ್ಕೆ 10 ಬರೆದಾಗಿತ್ತು.

ಹೀಗೆ ಪ್ರಬಂಧಕ್ಕೆ ಬೆಲೆ ಬಂದ ಮೇಲೆ ಪ್ರಬಂಧದ ಅಂಗಡಿಗಳೂ ತೆರೆದವು. ಹಣ ಕಟ್ಟಿದರೆ ಹತ್ತು ದಿನದಲ್ಲಿ ಪ್ರಕಟಣೆ. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ಕೈಬಿಟ್ಟಿತು. ಆಮೇಲೆ ಒಪ್ಪಿತ ಪತ್ರಿಕೆಗಳ ಕೇರ್ ಪಟ್ಟಿ ಎಂಬುದು ಬಂತು, 2025ರ ಆರಂಭದಲ್ಲಿ ಅದೂ ಹೋಯಿತು. ಪ್ರತಿ ಬದಲಾವಣೆಯಲ್ಲೂ ನನ್ನ ಮೇಜಿನ ಎದುರು ಯಾರಾದರೂ ಒಬ್ಬರು ಕೂತಿರುತ್ತಿದ್ದರು, ಕೈಯಲ್ಲಿ ಪತ್ರಿಕೆಯ ಪ್ರತಿ, ಮುಖದಲ್ಲಿ ಗಾಬರಿ: "ಮೇಡಂ, ನಾನು ಬರೆದಾಗ ಇದು ಲಿಸ್ಟಲ್ಲಿತ್ತು."

ಓಓಡಿ

ಈಗ ಅರ್ಥಶಾಸ್ತ್ರದ ಆ ತರುಣನ ಎರಡು ವರ್ಷದ ವಿಷಯ. ಆತ ನಮ್ಮಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಕೆಲಸದಲ್ಲಿದ್ದ. ಮೂರು ವಾರದ ಓರಿಯೆಂಟೇಶನ್ನಿಗೆ ಆಯ್ಕೆಯಾಯಿತು, ಓಓಡಿ, ಅಂದರೆ ಕರ್ತವ್ಯದ ಮೇಲೆಂದು ಪರಿಗಣಿಸಿ ಶಿಬಿರಕ್ಕೆ ಬಿಡುವ ಅನುಮತಿ, ಕೇಳಿದ. ವಿಭಾಗದಲ್ಲಿ ಇದ್ದದ್ದು ಆತನೊಬ್ಬನೇ ಖಾಯಂ ಅಧ್ಯಾಪಕ. ಬದಲಿ ಯಾರೂ ಇಲ್ಲ, ಪರೀಕ್ಷೆ ಹತ್ತಿರವಿದೆ, ಮುಂದಿನ ಸಲ ನೋಡೋಣ ಎಂದರು. ಮುಂದಿನ ಸಲ ಸಂಸ್ಥೆಯ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿ ಇತ್ತು. ಅದರ ಮುಂದಿನ ಸಲ ಚುನಾವಣಾ ಕರ್ತವ್ಯ. ಶಿಬಿರ ಮುಗಿದ ದಿನಾಂಕದಿಂದಲೇ ಸ್ಥಾನೀಕರಣ ಎಂಬುದು ನಿಯಮ, ಹಾಗಾಗಿ ಅರ್ಹತೆಯ ದಿನಾಂಕ ಎರಡು ವರ್ಷ ಮುಂದೆ ಹೋಯಿತು. ಸಂಬಳದಲ್ಲಿ ಕಳೆದುಕೊಂಡದ್ದು ಒಂದಾದರೆ, ಮುಂದಿನ ಪ್ರತಿ ಬಡ್ತಿಯೂ ಅಷ್ಟೇ ಹಿಂದೆ ಸರಿಯುತ್ತದೆ. ಬಿಡುಗಡೆ ಮಾಡದ ಅಧಿಕಾರಿ ಕೆಟ್ಟವರೇನಲ್ಲ. ಎಂಬತ್ತು ಮಕ್ಕಳ ತರಗತಿಯನ್ನು ಮೂರು ವಾರ ಖಾಲಿ ಬಿಡಲು ಅವರಿಗೂ ಮನಸ್ಸಾಗಿರಲಿಲ್ಲ.

ಒಂದು ಕಾಲದಲ್ಲಿ ಇದಕ್ಕೆ ಪರಿಹಾರವಿತ್ತು. ಯುಜಿಸಿಯ ಅಧ್ಯಾಪಕರ ಸುಧಾರಣಾ ಯೋಜನೆ, ನಮ್ಮ ಬಾಯಲ್ಲಿ ಎಫ್‌ಐಪಿ. ಅದರಲ್ಲಿ ಅಧ್ಯಾಪಕರು ಪೂರ್ಣ ಸಂಬಳದ ಮೇಲೆ ಪಿಎಚ್.ಡಿಗೆ ಹೋದರೆ ಅವರ ಜಾಗಕ್ಕೆ ಬರುವ ಬದಲಿ ಅಧ್ಯಾಪಕರ ಸಂಬಳವನ್ನೂ ಯುಜಿಸಿಯೇ ಕೊಡುತ್ತಿತ್ತು. ಹೋಗುವವರಿಗೆ ತಪ್ಪಿತಸ್ಥ ಭಾವನೆ ಇರುತ್ತಿರಲಿಲ್ಲ, ಉಳಿದವರಿಗೆ ಹೊರೆ ಬೀಳುತ್ತಿರಲಿಲ್ಲ, ಬದಲಿಗೆ ಬಂದ ಹೊಸಬರಿಗೆ ಒಂದಿಷ್ಟು ಅನುಭವವೂ ಸಿಗುತ್ತಿತ್ತು. ನನ್ನ ತಲೆಮಾರಿನ ತಾಲ್ಲೂಕು ಕಾಲೇಜಿನ ಎಷ್ಟೋ ಜನ ಡಾಕ್ಟರೇಟ್ ಪಡೆದದ್ದು ಇದರಿಂದ. ಅಧ್ಯಾಪಕರ ಬೆಳವಣಿಗೆಗೆ ಈ ದೇಶ ಮಾಡಿದ ಕೆಲಸಗಳಲ್ಲಿ ಅತ್ಯಂತ ವಿವೇಕದ್ದು ಯಾವುದೆಂದರೆ ನಾನು ಇದನ್ನೇ ಹೇಳುತ್ತೇನೆ.

ಸಮಯ ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೊಂದು ಕ್ಯಾಂಪಸ್ ಇದೆ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಉಪನ್ಯಾಸಕ್ಕಿಂತ ಪ್ರಯೋಗ ಹೆಚ್ಚು, ಉಪಕರಣವನ್ನು ತಾವೇ ಮುಟ್ಟಿ ಮಾಡಬೇಕು. ನಮ್ಮ ಸಂಯೋಜಿತ ಕಾಲೇಜಿನ ಒಬ್ಬ ಮೇಷ್ಟ್ರು ಹದಿನೆಂಟು ವರ್ಷ ಡಿಎನ್‌ಎ ಪಾಠ ಮಾಡಿದ್ದವರು, ಅಲ್ಲಿ ಮೊದಲ ಬಾರಿಗೆ ಕೈಯಾರೆ ಡಿಎನ್‌ಎ ಬೇರ್ಪಡಿಸಿದರು. ವಾಪಸ್ಸು ಬಂದು ಅದನ್ನು ಹೇಳುವಾಗ ಅವರ ದನಿ ನಡುಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿಗೆ ವಿದ್ಯಾರ್ಥಿಗಳು ಮಾತ್ರವಲ್ಲ, ಅಧ್ಯಾಪಕರೂ ಅರ್ಜಿ ಹಾಕಬಹುದು. ಎರಡು ತಿಂಗಳು ಒಳ್ಳೆಯ ಪ್ರಯೋಗಾಲಯದಲ್ಲಿ ಕೆಲಸ. ಇದು ಬಹಳ ಜನರಿಗೆ ಗೊತ್ತೇ ಇಲ್ಲ. ಇದನ್ನು ಓದುತ್ತಿರುವ ವಿಜ್ಞಾನದ ಮೇಷ್ಟ್ರುಗಳು ದಯವಿಟ್ಟು ಈ ವರ್ಷ ಅರ್ಜಿ ಹಾಕಿ.

ಬುಧವಾರ

ಮೂರು ವರ್ಷದ ಹಿಂದೆ ತಿಂಗಳಿಗೊಂದು ಬುಧವಾರ ಮಧ್ಯಾಹ್ನ ಒಂದು ಕೂಟ ಶುರು ಮಾಡಿದೆ. ಪ್ರತಿ ಸಲ ಒಬ್ಬರು ತಾವು ಸೋತ ಒಂದು ಪಾಠವನ್ನು ಹೇಳಬೇಕು. ಯಾವ ಪಾಠ, ಎಲ್ಲಿ ಮಕ್ಕಳ ಕೈತಪ್ಪಿತು, ಯಾಕೆ. ಸರ್ಟಿಫಿಕೇಟ್ ಇಲ್ಲ, ಫೋಟೋ ಇಲ್ಲ, ಬ್ಯಾನರ್ ಇಲ್ಲ, ಚಹಾ ಮತ್ತು ಚುರುಮುರಿ ಮಾತ್ರ. ಮೊದಲ ಬುಧವಾರ ಹದಿನಾಲ್ಕು ಜನ ಬಂದರು. ನಾಲ್ಕನೆಯದರ ಹೊತ್ತಿಗೆ ಐದು ಜನ ಉಳಿದರು. ಅದು ಎನ್‌ಇಪಿ (ಹೊಸ ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ ನಡೆಯುತ್ತಿದ್ದ ಕಾಲ. 2021ರಲ್ಲಿ ಜಾರಿಗೆ ಬಂದಿದ್ದ ಅದನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟಿತು, ಮತ್ತೆ ಮೂರು ವರ್ಷದ ಪದವಿ, ಮತ್ತೆ ಹೊಸ ಪಠ್ಯ. ಮೂರು ವರ್ಷದೊಳಗೆ ಎರಡು ಬಾರಿ ಎಲ್ಲ ನೋಟ್ಸ್ ಹೊಸದಾಗಿ ಬರೆಯಬೇಕಾದವರಿಗೆ ಬುಧವಾರದ ಮಧ್ಯಾಹ್ನ ಎಲ್ಲಿಂದ ಬರಬೇಕು?

ಉಳಿದ ಐವರಲ್ಲಿ ಮೂವರು ಅತಿಥಿ ಉಪನ್ಯಾಸಕರು. ಇದು ನನ್ನನ್ನು ಅಲುಗಾಡಿಸಿದ ಸಂಗತಿ. ಅವರಿಗೆ ಸ್ಥಾನೀಕರಣವಿಲ್ಲ, ಸೇವಾ ಪುಸ್ತಕವಿಲ್ಲ, ಓಓಡಿ ಎಂಬ ಪದವೇ ಅವರಿಗೆ ಅನ್ವಯಿಸುವುದಿಲ್ಲ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲು ನಡೆಯುತ್ತಿರುವುದು ಇಂಥ ಹತ್ತು ಸಾವಿರಕ್ಕೂ ಹೆಚ್ಚು ಜನರಿಂದ. 2022ರ ಆರಂಭದವರೆಗೆ ಅವರ ಗೌರವಧನ ತಿಂಗಳಿಗೆ 11 ಸಾವಿರ, 13 ಸಾವಿರ. ಹೋರಾಟದ ನಂತರ ಅದು ಏರಿತು, ಕೆಲಸದ ಅಭದ್ರತೆ ಹಾಗೇ ಉಳಿಯಿತು, 2023ರ ಕೊನೆಯಲ್ಲಿ ಖಾಯಮಾತಿಗಾಗಿ ವಾರಗಟ್ಟಲೆ ಮುಷ್ಕರ ನಡೆಸಿದರು. ನಮ್ಮ ಬುಧವಾರಕ್ಕೆ ಬರುತ್ತಿದ್ದ ಕನ್ನಡದ ಅತಿಥಿ ಉಪನ್ಯಾಸಕಿಗೆ ಹದಿಮೂರು ವರ್ಷದ ಅನುಭವ. ಬಿಕಾಂ ಹುಡುಗರಿಗೆ ಹಳಗನ್ನಡ ಕಲಿಸಲು ಹೋಗಿ ಸೋತದ್ದನ್ನು ಆಕೆ ಒಂದು ದಿನ ಹೇಳಿದರು. ಪದದ ಅರ್ಥ ಹೇಳಿ, ಸಾರಾಂಶ ಹೇಳಿ, ಮುಗಿಸಿದಾಗ ಒಬ್ಬ ಹುಡುಗ "ಇದು ನಮ್ಮ ಭಾಷೆಯೇನಾ ಮೇಡಂ?" ಎಂದು ಕೇಳಿದನಂತೆ. ಆಕೆ ಮುಂದಿನ ವಾರ ಅರ್ಥವನ್ನೇ ಹೇಳದೆ, ಗಟ್ಟಿಯಾಗಿ ನಾಲ್ಕು ಸಲ ಓದಿಸಿ, ಯಾವ ಪದ ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದೀರಿ ಎಂದು ಕೇಳಿದರು. ಹನ್ನೊಂದು ಪದ ಸಿಕ್ಕವು. ನನ್ನ ಪಕ್ಕ ಕೂತಿದ್ದ ರಸಾಯನಶಾಸ್ತ್ರದವರು ಅದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಆ ಕೂಟದಲ್ಲಿ ಕಲಿಸಿದವರು ಆಕೆ, ಕಲಿತವರು ಖಾಯಂ ಪ್ರಾಧ್ಯಾಪಕರು. ಆ ಮಧ್ಯಾಹ್ನಕ್ಕೆ ಆಕೆ ಎರಡು ಬಸ್ಸು ಬದಲಿಸಿ ತಮ್ಮ ದುಡ್ಡಿನಲ್ಲಿ ಬಂದಿದ್ದರು. ಟಿಎ ಕೊಡಿಸಲು ಪ್ರಯತ್ನಿಸಿದೆ, ಅತಿಥಿಗಳಿಗೆ ಅವಕಾಶವಿಲ್ಲ ಎಂದು ಟಿಪ್ಪಣಿ ಬಂತು.

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ನಿಯಮಾವಳಿ ಹೊರಡಿಸಿತು. ಅಂಕಗಳ ಬದಲು ಒಂಬತ್ತು ಬಗೆಯ ಗಮನಾರ್ಹ ಕೊಡುಗೆಗಳನ್ನು ಅದು ಪಟ್ಟಿ ಮಾಡಿತ್ತು, ಅವುಗಳಲ್ಲಿ ಕನಿಷ್ಠ ನಾಲ್ಕು ಇರಬೇಕು. ಹೊಸ ಬಗೆಯ ಬೋಧನೆ, ಭಾರತೀಯ ಭಾಷೆಗಳಲ್ಲಿನ ಬೋಧನೆಗೆ ಕೊಡುಗೆ ಅದರಲ್ಲಿದ್ದವು. ಕುಲಪತಿ ನೇಮಕದ ಭಾಗಕ್ಕೆ ರಾಜ್ಯಗಳು ಎತ್ತಿದ ಆಕ್ಷೇಪ ನನಗೂ ಸರಿ ಅನ್ನಿಸಿತು. ಆದರೆ ಆ ಒಂಬತ್ತರ ಪಟ್ಟಿ ಓದುವಾಗ ಇತಿಹಾಸದ ಸಹೋದ್ಯೋಗಿಯ ಅನುವಾದ, ಹಳಗನ್ನಡದ ಆ ಹನ್ನೊಂದು ಪದ ಎರಡೂ ಕಣ್ಣ ಮುಂದೆ ಬಂದವು. ಭಯವೂ ಆಯಿತು. ಹೊಸ ಬಗೆಯ ಬೋಧನೆ ಎಂಬುದನ್ನು ಯಾರು, ಎಲ್ಲಿ ಕೂತು ನೋಡುತ್ತಾರೆ? ಫೈಲಿಗೆ ಲಗತ್ತಿಸಿದ ಫೋಟೋ ನೋಡಿಯೋ, ಕೊನೆಯ ಬೆಂಚಿನಲ್ಲಿ ಮೂರು ದಿನ ಕೂತೋ?

ಎರಡು ಗಂಟೆ

ಆಗಸ್ಟ್‌ನಲ್ಲಿ ನಾನೊಂದು ಪ್ರಸ್ತಾವನೆ ಬರೆದು ಕುಲಸಚಿವರಿಗೆ ಕೊಟ್ಟೆ. ಎರಡೂವರೆ ಪುಟ. ಹೊಸದಾಗಿ ಸೇರಿದ ಪ್ರತಿ ಅಧ್ಯಾಪಕರಿಗೆ, ಅತಿಥಿಗಳೂ ಸೇರಿ, ಮೊದಲ ವರ್ಷ ವಾರಕ್ಕೆ ಎರಡು ಗಂಟೆ ಕಾರ್ಯಭಾರ ಕಡಿತ. ಅವರ ತರಗತಿಯಲ್ಲಿ ಕೂರಲು ಒಪ್ಪುವ ಹಿರಿಯರಿಗೆ ಒಂದು ಗಂಟೆ. ಆ ಹಿರಿಯರು ವರ್ಷದ ಕೊನೆಗೆ ಕೊಡುವ ಬರಹ ಅಧ್ಯಾಪಕರ ಕೈಗಷ್ಟೇ ಸೇರಬೇಕು, ಬಡ್ತಿಯ ಫೈಲಿಗೆ ಹೋಗಕೂಡದು. ಇದನ್ನು ನಾನು ಎರಡು ಬಾರಿ ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಕಾಲಮ್ಮು ಇಲ್ಲದ್ದಕ್ಕೆ ಕೊರಗುತ್ತಿದ್ದವಳು ಕಾಲಮ್ಮು ಬೇಡ ಎಂದು ಬರೆಯುವುದು ಸರಿಯೇ ಎಂದು ಬಹಳ ಯೋಚಿಸಿದೆ. ಆ ಮುಖ್ಯಸ್ಥರು ಕೊನೆಯ ಬೆಂಚಿನಲ್ಲಿ ಕೂತು ನನಗೆ ಅಂಕ ಕೊಡುತ್ತಿದ್ದರೆ ಮರುದಿನ ಕೊಮ್ಮೆ ಗಿಡ ಹಿಡಿದು ತರಗತಿಗೆ ಹೋಗುವ ಧೈರ್ಯ ನನಗೆ ಬರುತ್ತಿರಲಿಲ್ಲ. ಕಡಿತವಾದ ಎರಡು ಗಂಟೆಯನ್ನು ಯಾರು ತುಂಬುತ್ತಾರೆ ಎಂಬುದೇ ನಿಜವಾದ ಖರ್ಚು, ಆ ಲೆಕ್ಕವನ್ನು ವಿಭಾಗವಾರು ಹಾಕಿ ಲಗತ್ತಿಸಿದ್ದೇನೆ.

ಅರ್ಥಶಾಸ್ತ್ರದ ತರುಣನಿಗೆ ಈ ಪತ್ರದ ಪ್ರತಿ ಕೊಟ್ಟೆ. ಓದಿ, "ಮೇಡಂ, ಇದು ಆಗೋವರೆಗೂ ಕಾಯೋದು ಬೇಡ, ನೀವೇ ನನ್ನ ಕ್ಲಾಸಿಗೆ ಬನ್ನಿ. ಆದರೆ ರಾಷ್ಟ್ರೀಯ ವರಮಾನದ ಪಾಠಕ್ಕೆ ಬರಬೇಡಿ, ಅದರಲ್ಲಿ ನನಗೇ ಧೈರ್ಯ ಇಲ್ಲ" ಅಂದ. ಆ ಪಾಠಕ್ಕೇ ಬರುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡ. ಗುರುವಾರ, ಹನ್ನೊಂದು ಗಂಟೆ, ಮೂರನೇ ಮಹಡಿಯ ಕೊಠಡಿ. ಫೈಲು ಸದ್ಯ ಹಣಕಾಸು ವಿಭಾಗದಲ್ಲಿದೆ, ಅಲ್ಲಿಗೆ ಸೋಮವಾರ ಹೋಗುತ್ತೇನೆ.